ಫ್ಯಾನ್ ಯಾರ ಹೊಲದಲ್ಲಿ ಬರುತ್ತದೆ? ಈಸ್ಟಿಂಗ್, ನಾರ್ದಿಂಗ್ ಬೆನ್ನು ಹತ್ತಿದ ಅನುಭವ

ಹೊಲವನ್ನು ಸೋಲಾರಿಗೆ ಕೊಡುವವರು, ವಿಂಡ್‌ಮಿಲ್‌ಗೆ ಕೊಡುವವರು, ರಸ್ತೆಗೋ ರೈಲಿಗೋ ಜಮೀನು ಹೋಗುತ್ತದೆ ಎಂದು ನೋಟಿಸ್ ಬಂದವರು, ಈಗೀಗ ಎಲ್ಲರ ಕೈಗೂ ಒಂದು ಕಾಗದ ಬರುತ್ತದೆ. ಅದರಲ್ಲಿ ಸರ್ವೆ ನಂಬರಿನ ಪಕ್ಕದಲ್ಲೇ ಇನ್ನೊಂದಿಷ್ಟು ಉದ್ದುದ್ದ ನಂಬರು ಇರುತ್ತವೆ. ನಮಗೂ ಬಂತು, ವಿಂಡ್‌ಮಿಲ್ ಕಂಪನಿಯಿಂದ. ವಿಂಡ್‌ಮಿಲ್‌ಗೇ ನಾವು ಫ್ಯಾನ್ ಅನ್ನುವುದು. ಆ ನಂಬರು ನಮ್ಮ ಹೊಲದ ಯಾವ ಜಾಗ ತೋರಿಸುತ್ತವೆ ಎಂದು ತಿಳಿಯುವಷ್ಟರಲ್ಲಿ ಒಂದು ಬೇಸಿಗೆ ಮುಗಿದು ಮಳೆಗಾಲವೂ ಅರ್ಧ ಆಗಿತ್ತು. ಮೊನ್ನೆ ಕರಾರಿಗೆ ಸಹಿ ಬಿತ್ತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮ ಹೊಲ ಕೊಪ್ಪಳ ಜಿಲ್ಲೆಯ ಉತ್ತರದ ಕಡೆ ಇದೆ. ಮಸಾರಿ ನೆಲ. ಸಜ್ಜೆ, ತೊಗರಿ ಬೆಳೆಯುತ್ತೇವೆ. ಒಂದೇ ಸರ್ವೆ ನಂಬರು, 8 ಎಕರೆ 20 ಗುಂಟೆ. ಅಪ್ಪ ಮತ್ತು ಕಾಕಾ ಅರ್ಧರ್ಧ ಮಾಡಿಕೊಂಡಿದ್ದರು. ಅಪ್ಪ ಹೋದ ಮೇಲೆ ನಮ್ಮ ಪಾಲು ಅವ್ವನ ಹೆಸರಿಗೆ ಬಂತು. ಅಣ್ಣ ಬೆಂಗಳೂರಿನಲ್ಲಿ. ನಾನು ರಾಯಚೂರಿನ ಹತ್ತಿ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವಳು. ಹಾಗಾಗಿ ಓಡಾಟವೆಲ್ಲ ನನ್ನ ಪಾಲಿಗೆ ಬಂತು.

ಕಂಪನಿಯವರು ಕೊಟ್ಟ ಕರಾರಿನ ಕರಡಿನಲ್ಲಿ ಕೊನೆಯ ಹಾಳೆ ಷೆಡ್ಯೂಲ್. ಅದರಲ್ಲಿ ಫ್ಯಾನ್ ನಿಲ್ಲಿಸುವ ಜಾಗ ಎಂದು ಒಂದು ಸಣ್ಣ ಪಟ್ಟಿ. ಈಸ್ಟಿಂಗ್ ಎನ್ನುವ ಕಾಲಂನಲ್ಲಿ 6,36,000 ಚಿಲ್ಲರೆ. ನಾರ್ದಿಂಗ್ ಕಾಲಂನಲ್ಲಿ 17,48,000 ಚಿಲ್ಲರೆ. ಅಷ್ಟೇ. ಫ್ಯಾನ್ ಬಂದವರಿಗೆ ವರ್ಷಾ ವರ್ಷಾ ಬಾಡಿಗೆ. ಬರದವರಿಗೆ ಇಲ್ಲ. ಕಾಕಾ ಕಾಗದ ತಿರುಗಿಸಿ ಮುರುಗಿಸಿ ನೋಡಿ, "ತಂಗೀ, ಇದು ನಿಮ್ಮ ಪಾಲಿನಾಗ ಬರತೈತೋ ನನ್ನ ಪಾಲಿನಾಗ ಬರತೈತೋ?" ಅಂದರು. ಕಾಗದ ತಂದ ಹುಡುಗನನ್ನು ಕೇಳಿದರೆ, "ಮ್ಯಾಡಂ, ಎರಡೂ ಒಂದೇ ಸರ್ವೆ ನಂಬರ್ ಅಲ್ವಾ" ಎಂದ. ಅವನಿಗೆ ಒಂದೇ. ನಮಗೆ ಅಲ್ಲ. ಅಣ್ಣತಮ್ಮಂದಿರ ಮನೆಗಳ ನಡುವೆ ಮಾತು ಕೆಡುವುದು ಇಂಥ ಕಡೆಯೇ.

ಗೂಗಲ್ ಮ್ಯಾಪಿನಲ್ಲಿ ಆ ನಂಬರು ಹಾಕಿದರೆ ಏನೂ ಸಿಗುವುದಿಲ್ಲ. ಅದಕ್ಕೆ ಬೇಕಿರುವುದು ಅಕ್ಷಾಂಶ, ರೇಖಾಂಶ. ನಮ್ಮ ಕೈಯಲ್ಲಿದ್ದದ್ದು ಯುಟಿಎಂ ಎನ್ನುವ ಬೇರೆ ಲೆಕ್ಕ. ಇದು ಮೀಟರಿನ ಲೆಕ್ಕ. ಭೂಮಿಯನ್ನು ಉದ್ದುದ್ದಕ್ಕೆ 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಸೀಳಿದ್ದಾರೆ. ಒಂದೊಂದು ಪಟ್ಟಿಗೆ ಝೋನ್ ಎಂದು ಹೆಸರು. 72ರಿಂದ 78 ಡಿಗ್ರಿ ಪೂರ್ವದವರೆಗಿನದು 43ನೇ ಝೋನ್. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆ ಪೂರ್ತಿ ಇದರೊಳಗೇ ಬರುತ್ತವೆ. ಈ ಝೋನಿನ ನಡುಗೆರೆ 75 ಡಿಗ್ರಿ. ಅದು ಧಾರವಾಡದ ಮಗ್ಗುಲಲ್ಲೇ ಹಾಯುತ್ತದೆ. ನಡುಗೆರೆಗೆ ಸೊನ್ನೆ ಕೊಟ್ಟರೆ ಪಶ್ಚಿಮದ ಊರಿಗೆಲ್ಲ ಮೈನಸ್ ಬರುತ್ತದೆ. ಅದು ಬೇಡ ಎಂದು ನಡುಗೆರೆಗೇ 5,00,000 ಮೀಟರ್ ಕೊಟ್ಟುಬಿಟ್ಟಿದ್ದಾರೆ. ನಮ್ಮ ಈಸ್ಟಿಂಗ್ 6,36,000 ಅಂದರೆ ಧಾರವಾಡದ ಆ ಗೆರೆಯಿಂದ ಪೂರ್ವಕ್ಕೆ 136 ಕಿಲೋಮೀಟರ್. ನಾರ್ದಿಂಗ್ 17,48,000 ಅಂದರೆ ಭೂಮಧ್ಯರೇಖೆಯಿಂದ ಉತ್ತರಕ್ಕೆ 1,748 ಕಿಲೋಮೀಟರ್. ಇಷ್ಟು ಗೊತ್ತಾದ ಮೇಲೆ ನಂಬರಿನ ಹೆದರಿಕೆ ಅರ್ಧ ಹೋಯಿತು.

ನಿಮ್ಮ ಕಾಗದವನ್ನೂ ಹೀಗೇ ಒಮ್ಮೆ ನೋಡಿಕೊಳ್ಳಬಹುದು. ಈಸ್ಟಿಂಗ್ ಕೊಪ್ಪಳ ಊರಿನ ಹತ್ತಿರ ಆರು ಕಾಲು ಲಕ್ಷದ ಆಸುಪಾಸು, ಬಳ್ಳಾರಿಯ ಹತ್ತಿರ ಏಳು ಲಕ್ಷ, ರಾಯಚೂರಿನ ಹತ್ತಿರ ಏಳೂವರೆ ಲಕ್ಷ ಇರುತ್ತದೆ. ನಾರ್ದಿಂಗ್ ನಮ್ಮ ಕಡೆ 16 ಲಕ್ಷದಿಂದ 18 ಲಕ್ಷ ಚಿಲ್ಲರೆಯೊಳಗೆ. ಇದಕ್ಕಿಂತ ಬಹಳ ಬೇರೆ ಇದ್ದರೆ ಎರಡೂ ಕಾಲಂ ಅದಲು ಬದಲಾಗಿರಬೇಕು, ಇಲ್ಲವೇ ಅದು ಬೇರೆ ಲೆಕ್ಕ.

ಕಾಗದದ ಮೇಲೆ ಝೋನ್ ಬರೆದಿರಲಿಲ್ಲ. ಇದು ಸಣ್ಣ ವಿಷಯ ಅಲ್ಲ. ಝೋನ್ ಇಲ್ಲದ ಈಸ್ಟಿಂಗ್ ಎಸ್‌ಟಿಡಿ ಕೋಡ್ ಇಲ್ಲದ ಲ್ಯಾಂಡ್‌ಲೈನ್ ನಂಬರಿನ ಹಾಗೆ. ಅದೇ ನಂಬರು 08539 ಹಾಕಿದರೆ ಕೊಪ್ಪಳದಲ್ಲಿ ರಿಂಗಾಗುತ್ತದೆ, 08532 ಹಾಕಿದರೆ ರಾಯಚೂರಿನಲ್ಲಿ.

ನಾವು ಫೋನ್ ಮಾಡಿ ಕೇಳಿದ್ದಕ್ಕೆ ಕಂಪನಿಯವರು ಒಂದು ಕೆಎಂಎಲ್ ಫೈಲ್ ಕಳಿಸಿದರು. ಮೊಬೈಲಿನಲ್ಲಿ ಒತ್ತಿದರೆ ಮ್ಯಾಪ್ ತಾನೇ ತೆರೆದುಕೊಳ್ಳುವ ಫೈಲ್ ಅದು. ಅಣ್ಣ ಬೆಂಗಳೂರಿನಿಂದ, ನಾನು ರಾಯಚೂರಿನಿಂದ ಒಂದೇ ಹೊತ್ತಿಗೆ ತೆರೆದೆವು. ಸುತ್ತ ಬರೀ ನೀಲಿ. ಚಿಕ್ಕದು ಮಾಡುತ್ತಾ ಹೋದರೆ ಮೇಲ್ಗಡೆ ಕಾಕಿನಾಡ ಕಾಣಿಸಿತು. ನಮ್ಮ ಹೊಲ ಬಂಗಾಳ ಕೊಲ್ಲಿಯಲ್ಲಿತ್ತು! ಕಾಕಾಗೆ ತೋರಿಸಿದೆ. "ಇರಲಿ ಬಿಡವ್ವ, ಅಲ್ಲಿ ಗಾಳಿ ಚೊಲೋ ಬೀಸತೈತಿ" ಅಂದರು.

ಆಗಿದ್ದು ಇಷ್ಟು. ನಕ್ಷೆ ಮಾಡಿದವರು ಕೂತಿದ್ದು ಹೈದರಾಬಾದಿನಲ್ಲಿ. ಹೈದರಾಬಾದ್ ಇರುವುದು 78 ಡಿಗ್ರಿ ದಾಟಿ. ಅಂದರೆ 44ನೇ ಝೋನ್. ಅವರ ಕಂಪ್ಯೂಟರಿನಲ್ಲಿ ಯಾವಾಗಲೂ 44 ಇಟ್ಟಿರುತ್ತಾರೆ. ನಮ್ಮ 43ರ ನಂಬರನ್ನು 44 ಎಂದು ತಿಳಿದುಕೊಂಡು ಫೈಲ್ ಮಾಡಿಬಿಟ್ಟಿದ್ದಾರೆ. ಒಂದು ಝೋನ್ ತಪ್ಪಿದರೆ 6 ಡಿಗ್ರಿ ಪೂರ್ವಕ್ಕೆ ಹೋಗುತ್ತದೆ. ನಮ್ಮ ಕಡೆ ಅದು 640 ಕಿಲೋಮೀಟರ್ ಚಿಲ್ಲರೆ. ಕರ್ನೂಲಿನ ಆಸುಪಾಸೇ 78ರ ಗೆರೆ ಹಾಯುವುದರಿಂದ ಆ ಕಡೆಯ ಕಂಪನಿಗಳ ಜೊತೆ ವ್ಯವಹಾರ ಮಾಡುವ ರಾಯಚೂರು, ಬಳ್ಳಾರಿಯವರಿಗೂ ಇದು ಬರಬಹುದು. ಸಮುದ್ರದಲ್ಲಿ ತೋರಿಸಿದ್ದು ಒಳ್ಳೆಯದೇ ಆಯಿತು, ತಪ್ಪು ಕಣ್ಣಿಗೆ ಹೊಡೆದು ಕಂಡಿತು.

ಇನ್ನೊಂದು ತೊಡಕು ಅಕ್ಷರದ್ದು. ಸರಿ ಮಾಡಿ ಕಳಿಸಿದ ಹಾಳೆಯಲ್ಲಿ 43ಎನ್ ಎಂದಿತ್ತು. ಅಣ್ಣ ಕಂಪ್ಯೂಟರಿನ ಗೂಗಲ್ ಅರ್ಥ್‌ನಲ್ಲಿ ಹಾಕಲು ಹೋದರೆ ಅದು 43ಪಿ ಎಂದು ತೋರಿಸುತ್ತದೆ. ಅವನಿಗೆ ತಲೆ ಕೆಟ್ಟಿತು. ಒಂದು ಪದ್ಧತಿಯಲ್ಲಿ ಎನ್ ಅಂದರೆ ಉತ್ತರಾರ್ಧ ಗೋಳ ಅಷ್ಟೇ. ಇನ್ನೊಂದು ಪದ್ಧತಿಯಲ್ಲಿ ಪ್ರತಿ 8 ಡಿಗ್ರಿ ಅಕ್ಷಾಂಶಕ್ಕೆ ಒಂದು ಅಕ್ಷರ. 8ರಿಂದ 16 ಡಿಗ್ರಿಗೆ ಪಿ, 16ರಿಂದ 24ಕ್ಕೆ ಕ್ಯೂ. 16ರ ಗೆರೆ ರಾಯಚೂರು ಜಿಲ್ಲೆಯ ನಡುವೆಯೇ ಹಾಯುತ್ತದೆ. ಸಿಂಧನೂರು 43ಪಿ, ರಾಯಚೂರು ಊರು 43ಕ್ಯೂ. ಜಿಲ್ಲೆ ಒಂದೇ, ಅಕ್ಷರ ಬೇರೆ. ಗಾಬರಿ ಬೇಡ. ಇಂಥ ಗೊಂದಲವೇ ಬೇಡ ಎನ್ನುವವರು, ನಂಬರು ಯಾವ ಲೆಕ್ಕದ್ದು ಎಂದು ಗುರುತಿಸುವ ಇಪಿಎಸ್‌ಜಿ ಕೋಡ್ ಕೇಳಿ. ಡಬ್ಲ್ಯುಜಿಎಸ್ 84 (ಜಿಪಿಎಸ್ ಬಳಸುವ ಲೆಕ್ಕ), 43ನೇ ಝೋನ್, ಉತ್ತರ ಅಂದರೆ 32643. ಈ ಐದು ಅಂಕಿ ಹೇಳಿದರೆ ಯಾವ ನಕ್ಷೆ ಮಾಡುವವನಿಗೂ ಅರ್ಥವಾಗುತ್ತದೆ. ನಿಮಗೂ ಕೆಲಸ ಗೊತ್ತಿದೆ ಎಂದು ಅವನು ಸ್ವಲ್ಪ ನೆಟ್ಟಗೆ ಕೂರುತ್ತಾನೆ, ಅದು ಬೇರೆ ಲಾಭ.

ಅಷ್ಟರಲ್ಲಿ ಕಂಪನಿಯ ಸೈಟ್ ಇಂಜಿನಿಯರ್ ಊರಿಗೆ ಬಂದಿದ್ದರು. ಕಾಕಾನ ಕೈಯಲ್ಲಿ ಒಂದು ಚೀಟಿ ಬರೆದುಕೊಟ್ಟು ಹೋದರು. ಬಸ್ ಟಿಕೆಟ್ಟಿನ ಹಿಂದೆ ಬರೆದ ಚೀಟಿ. ಉದಾಹರಣೆಗೆ ಅಂತ ತಿಳಿದುಕೊಳ್ಳಿ, 15.48.36 ಮತ್ತು 76.16.12. ಕಾಕಾ ಅದನ್ನು ಊರ ಝೆರಾಕ್ಸ್ ಅಂಗಡಿಗೆ ಒಯ್ದರು. ಅಂಗಡಿಯ ಹುಡುಗ ಚುಕ್ಕಿ ಒಂದೇ ಇರಬೇಕು ಎಂದು 15.4836, 76.1612 ಎಂದು ಟೈಪ್ ಮಾಡಿದ. ಹೊಲ ಕೊಪ್ಪಳದ ಉತ್ತರಕ್ಕೆ, ಯಾರದೋ ಊರಿನ ಹತ್ತಿರ ಹೋಗಿ ಕೂತಿತು. ಅಸಲಿ ಜಾಗದಿಂದ ಸುಮಾರು 38 ಕಿಲೋಮೀಟರ್ ದೂರ. ಇದು ಸಮುದ್ರಕ್ಕಿಂತ ಅಪಾಯ. ಯಾಕೆಂದರೆ ಅಲ್ಲೂ ಮಸಾರಿ ಹೊಲವೇ ಇದೆ, ಬದು ಇದೆ, ಬೇವಿನ ಗಿಡ ಇದೆ. ಸ್ಯಾಟಲೈಟ್ ಚಿತ್ರದಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ. ಕಾಕಾ ಎರಡು ದಿನ ಆ ಚಿತ್ರ ನೋಡಿ ನೋಡಿ, "ನಮ್ಮ ಹಳ್ಳ ಎಲ್ಲಿ ಹೋತು?" ಎಂದು ಕೇಳುತ್ತಿದ್ದರು.

ಆ ಚೀಟಿಯಲ್ಲಿದ್ದದ್ದು ಡಿಗ್ರಿ, ನಿಮಿಷ, ಸೆಕೆಂಡ್. 15 ಡಿಗ್ರಿ 48 ನಿಮಿಷ 36 ಸೆಕೆಂಡ್. ಗಡಿಯಾರದ ಲೆಕ್ಕವೇ. 60 ಸೆಕೆಂಡಿಗೆ ನಿಮಿಷ, 60 ನಿಮಿಷಕ್ಕೆ ಡಿಗ್ರಿ. ದಶಮಾಂಶಕ್ಕೆ ತರಬೇಕಾದರೆ 48ನ್ನು 60ರಿಂದ ಭಾಗಿಸಿ, 36ನ್ನು 3600ರಿಂದ ಭಾಗಿಸಿ, ಎರಡನ್ನೂ 15ಕ್ಕೆ ಕೂಡಿಸಬೇಕು. 15.81 ಬರುತ್ತದೆ. ಇನ್ನೊಂದು 76.27. ಲೆಕ್ಕ ಬರೆಯುವವಳಿಗೆ ಇದೇನು ಕಷ್ಟ ಅಲ್ಲ, ಆದರೆ ಚುಕ್ಕಿ ಇಟ್ಟು ಬರೆದ ಪುಣ್ಯಾತ್ಮ ಡಿಗ್ರಿಯ ಸೊನ್ನೆ ಹಾಕಿದ್ದರೆ ಆಗುತ್ತಿತ್ತು. ಗುರುತು ಹಿಡಿಯುವುದು ಹೇಗೆ ಅಂದರೆ, ಚುಕ್ಕಿ ಆದ ಮೇಲಿನ ಜೋಡಿ ಅಂಕಿ ನೋಡಿ. ನಿಮಿಷ, ಸೆಕೆಂಡ್ 59 ದಾಟುವಂತಿಲ್ಲ. ಪಟ್ಟಿಯಲ್ಲಿರುವ ಎಲ್ಲ ಜೋಡಿಯೂ 59ರೊಳಗೇ ಇದ್ದರೆ ಅನುಮಾನ ಪಡಿ. ಎಲ್ಲಾದರೂ 73, 88 ಕಂಡರೆ ಅದು ದಶಮಾಂಶವೇ.

ಚುಕ್ಕಿಯ ಮುಂದೆ ಎಷ್ಟು ಅಂಕಿ ಇವೆ ಎನ್ನುವುದೂ ಮುಖ್ಯ. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿಲೋಮೀಟರ್. ನಾಲ್ಕು ಅಂಕಿ ಇದ್ದರೆ 11 ಮೀಟರಿನ ಮಟ್ಟಕ್ಕೆ ಬರುತ್ತೀರಿ. ಐದು ಇದ್ದರೆ ಒಂದು ಮೀಟರ್ ಚಿಲ್ಲರೆ. ಆರು ಇದ್ದರೆ ಒಂದು ಗೇಣಿನೊಳಗೆ. ಬದುವಿನ ಜಗಳಕ್ಕೆ ಆರು ಬೇಕೇ ಬೇಕು. ಸೆಕೆಂಡಿನ ಲೆಕ್ಕದಲ್ಲಾದರೆ ಬರೀ ಪೂರ್ಣ ಸೆಕೆಂಡ್ ಕೊಟ್ಟರೆ ಸಾಲದು. ಒಂದು ಸೆಕೆಂಡ್ ಅಂದರೇ 30 ಮೀಟರ್.

ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದನ್ನೂ ನೋಡಿಕೊಳ್ಳಿ. ಗೂಗಲ್ ಮ್ಯಾಪಿನಲ್ಲಿ ಅಕ್ಷಾಂಶ ಮೊದಲು. ಕೆಎಂಎಲ್ ಫೈಲಿನ ಒಳಗೆ ರೇಖಾಂಶ ಮೊದಲು. ಅಣ್ಣ ಫೈಲ್ ಬಿಚ್ಚಿ ಅಲ್ಲಿದ್ದ ಹಾಗೇ ಹಾಕಿ ನೋಡಿದ, ನಾರ್ವೆ ದಾಟಿ ಸ್ವಾಲ್ಬಾರ್ಡ್ ದ್ವೀಪಗಳ ಕೆಳಗೆ ಹಿಮದ ಸಮುದ್ರದಲ್ಲಿ ಬಂತು. ನಮ್ಮ ಕಡೆ ಚಿಕ್ಕ ನಂಬರು, 15 ಅಥವಾ 16, ಅಕ್ಷಾಂಶ. ದೊಡ್ಡದು, 75ರಿಂದ 77, ರೇಖಾಂಶ.

ಇಷ್ಟೆಲ್ಲ ಆದ ಮೇಲೆ ನಂಬರು ನಮ್ಮ ಊರಿಗೆ, ನಮ್ಮ ಹೊಲಕ್ಕೇ ಬಂದು ನಿಂತಿತು. ಆದರೆ ಯಾರ ಪಾಲು? ಅಲ್ಲಿಂದ ಮುಂದಿನದು ಕಾಗದದ ಕೆಲಸ.

ದಿಶಾಂಕ್ ಆ್ಯಪ್ ಬಹಳ ಜನ ನೋಡಿರುತ್ತೀರಿ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದವರದ್ದು. ಹೊಲದಲ್ಲಿ ನಿಂತು ತೆರೆದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಪುಕ್ಕಟೆ. ಒಳ್ಳೆಯ ಆ್ಯಪ್, ನಾನು ದೂರು ಹೇಳುತ್ತಿಲ್ಲ. ಆದರೆ ಅದರಲ್ಲಿರುವ ಗೆರೆಗಳು ಹಳೇ ಗ್ರಾಮ ನಕ್ಷೆಯನ್ನು ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸಿ ತೆಗೆದವು. ನಮ್ಮ ಹೊಲದಲ್ಲಿ ಗೆರೆ ಬದುವಿನ ಮೇಲೆ ಇರಲಿಲ್ಲ, ಪಕ್ಕದ ತೊಗರಿ ಸಾಲಿನಲ್ಲಿತ್ತು. ಹಿಸ್ಸಾ ಗೆರೆ, ಅಂದರೆ ಸರ್ವೆ ನಂಬರಿನೊಳಗಿನ ಪಾಲಿನ ಗೆರೆಯಂತೂ ನಮ್ಮಲ್ಲಿ ತೋರಿಸಲೇ ಇಲ್ಲ. ಮೇಲಾಗಿ ಮೊಬೈಲಿನ ಜಿಪಿಎಸ್ ಬಯಲಿನಲ್ಲಿ ನಿಂತರೂ ನಾಲ್ಕೈದು ಮೀಟರ್ ಆಚೀಚೆ ಆಡುತ್ತದೆ. ಯಾವ ಊರು, ಯಾವ ಸರ್ವೆ ನಂಬರು ಎಂದು ತಿಳಿಯಲು ದಿಶಾಂಕ್ ಸಾಕು. ಬದು ತೀರ್ಮಾನಕ್ಕೆ ಅಲ್ಲ.

ಊರಿನ ಹತ್ತಿರದ ಪಟ್ಟಣದಲ್ಲಿ ಕಾಕಾನ ಪರಿಚಯದ ನಿವೃತ್ತ ಸರ್ವೆಯರ್ ಒಬ್ಬರಿದ್ದಾರೆ. ಅವರ ಮನೆಗೆ ಹೋಗಿದ್ದು ಈ ಓಡಾಟದಲ್ಲೇ ಒಳ್ಳೆಯ ಕೆಲಸ. ಚಹಾ ಕುಡಿಸಿ, ಒಳಗಿನಿಂದ ಒಂದು ಸರ್ವೆ ಆಫ್ ಇಂಡಿಯಾ ನಕ್ಷೆ ತಂದು ಮಂಚದ ಮೇಲೆ ಹಾಸಿದರು. ಬಟ್ಟೆ ಅಂಟಿಸಿದ ಹಳೇ ನಕ್ಷೆ, ಮಡಿಕೆ ಬಿದ್ದ ಕಡೆ ಬಣ್ಣ ಹೋಗಿತ್ತು. ಮೂಲೆಯಲ್ಲಿ 57ಎ ಎಂದಿತ್ತು. ನಮ್ಮ ಊರಿನ ಹೆಸರು ಹಳೇ ಕಾಗುಣಿತದಲ್ಲಿತ್ತು. "ಈ ನಕ್ಷೆ ಮೇಲೆ ಸ್ಕೇಲ್ ಇಟ್ಟು ಅಕ್ಷಾಂಶ, ರೇಖಾಂಶ ತೆಗೆದು ಮೊಬೈಲಿಗೆ ಹಾಕಬ್ಯಾಡವಾ ತಂಗಿ, ಮೋಸ ಆಗತೈತಿ" ಎಂದರು.

ಯಾಕೆ ಎಂದು ಕೇಳಿದೆ. ಭೂಮಿ ಸರಿಯಾದ ಚೆಂಡಲ್ಲ, ಅದಕ್ಕೆ ಒಂದು ಲೆಕ್ಕದ ಆಕಾರ ಇಟ್ಟುಕೊಂಡೇ ಡಿಗ್ರಿ ಗೆರೆ ಎಳೆಯಬೇಕು. ಆ ಆಧಾರಕ್ಕೆ ಡೇಟಮ್ ಅನ್ನುತ್ತಾರೆ. ಹಳೇ ನಕ್ಷೆಗಳು 1830ರ ಎವರೆಸ್ಟ್ ಲೆಕ್ಕದವು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಡಿಗ್ರಿ, ನಿಮಿಷ, ಸೆಕೆಂಡ್ ಎಲ್ಲ ಒಂದೇ ಬರೆದರೂ ಎರಡು ಲೆಕ್ಕದಲ್ಲಿ ಜಾಗ ಬೇರೆ ಬೇರೆ. ನಮ್ಮ ಕಡೆ ವ್ಯತ್ಯಾಸ ನೂರು ಮೀಟರಿಗೂ ಜಾಸ್ತಿ. ನಮ್ಮ ಪಾಲಿನ ಅಗಲವೇ ಎಪ್ಪತ್ತು ಮೀಟರ್! ಅಂದರೆ ಡೇಟಮ್ ಒಂದು ತಪ್ಪಿದರೆ ಫ್ಯಾನು ನಮ್ಮನ್ನೂ ಕಾಕಾನನ್ನೂ ದಾಟಿ ಮೂರನೆಯವರ ಹೊಲದಲ್ಲಿ ನಿಲ್ಲುತ್ತದೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಜನರಿಗೆ ಮಾರುವ ನಕ್ಷೆಗಳು ಡಬ್ಲ್ಯುಜಿಎಸ್ 84ಕ್ಕೆ, ಯುಟಿಎಂಗೆ ಬಂದವು. ಮನೆಯಲ್ಲಿ, ಕಚೇರಿಯಲ್ಲಿ ಹಳೆಯವು ಇನ್ನೂ ಇವೆ. ನೀರಾವರಿಗೆ, ಬೋರ್‌ವೆಲ್‌ಗೆ ಅಂತ ಹಿಂದೆ ಯಾರಾದರೂ ಬರೆದಿಟ್ಟ ನಂಬರು ನಿಮ್ಮಲ್ಲಿದ್ದರೆ ಯಾವ ಇಸವಿಯದು, ಯಾವ ನಕ್ಷೆಯಿಂದ ತೆಗೆದದ್ದು ಕೇಳಿಕೊಳ್ಳಿ.

ಆ ಸರ್ವೆಯರೇ ಹೇಳಿದರು, ನಂಬರು ಜಾಗ ತೋರಿಸುತ್ತದೆ, ಹಕ್ಕು ತೋರಿಸುವುದಿಲ್ಲ, ಮೊದಲು ಟಿಪ್ಪಣಿ ತೆಗೆಸಿ ಎಂದು. ಟಿಪ್ಪಣಿ ಅಂದರೆ ಹೊಲದ ಅಳತೆ ಬರೆದ ಹಳೇ ಸರ್ವೆ ಹಾಳೆ.

ಪಾಣಿ (ಪಹಣಿ) ಆನ್‌ಲೈನಿನಲ್ಲೇ ಸಿಕ್ಕಿತು. ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದ ದಾಖಲೆ), ಟಿಪ್ಪಣಿ, ಗ್ರಾಮ ನಕ್ಷೆಯ ನಕಲಿಗೆ ಅರ್ಜಿ ಹಾಕಬೇಕು. ಶುಲ್ಕ ಚಿಲ್ಲರೆ ಕಾಸು. ಸಮಯ ಮಾತ್ರ ಹಿಡಿಯಿತು. ಮಿಲ್ಲಿಗೆ ರಜೆ ಹಾಕಿ ಮೊದಲ ಬಸ್ಸಿಗೆ ಹೊರಟು, ಸರತಿಯಲ್ಲಿ ನಿಂತು, ಮಧ್ಯಾಹ್ನ ಹೊರಗೆ ಗಿರ್ಮಿಟ್ ತಿಂದು, ಮತ್ತೆ ನಿಂತು, ರಾತ್ರಿ ರಾಯಚೂರು ಸೇರುವುದು. ಹಳೇ ಹಾಳೆ ಹುಡುಕಿ ತೆಗೆಯಬೇಕಾದ ಕೆಲಸ, ಕಚೇರಿಯವರ ಹತ್ತಿರವೂ ಜನ ಕಮ್ಮಿ. ಸರ್ವೆ ನಂಬರಿನ ಜೊತೆ ಹಿಸ್ಸಾ ನಂಬರನ್ನೂ ಸರಿಯಾಗಿ ಬರೆದುಕೊಂಡು ಹೋಗಿ. ಇಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತದೆ, ಇನ್ನೊಂದು ರಜೆ ಹೋಗುತ್ತದೆ.

ಟಿಪ್ಪಣಿ ಕೈಗೆ ಬಂದಾಗ ಖುಷಿಗಿಂತ ಗಾಬರಿ ಆಯಿತು. ಕೊಪ್ಪಳ, ರಾಯಚೂರು ಎರಡೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹಳೇ ದಾಖಲೆಗಳಲ್ಲಿ ಉರ್ದು ಇರುತ್ತದೆ. ಅಳತೆ ಸರಪಳಿ ಮತ್ತು ಆಣೆಯಲ್ಲಿ. ನಮ್ಮ ಹೊಲದ ಅಗಲ 14 ಸರಪಳಿ, ಉದ್ದ 24 ಸರಪಳಿ 4 ಆಣೆ. ನಮ್ಮ ಕಡೆ ಈ ಸರಪಳಿ ಅಂದರೆ 33 ಅಡಿ. 16 ಆಣೆಗೆ ಒಂದು ಸರಪಳಿ. ಇದರಲ್ಲೊಂದು ಸುಖ ಇದೆ. 33 ಅಡಿ ಉದ್ದ 33 ಅಡಿ ಅಗಲ ಅಂದರೆ ಒಂದು ಗುಂಟೆ. ಹಾಗಾಗಿ ಸರಪಳಿಯನ್ನು ಸರಪಳಿಯಿಂದ ಗುಣಿಸಿದರೆ ನೇರ ಗುಂಟೆಯೇ ಬರುತ್ತದೆ. 14 ಇಂಟು 24 ಕಾಲು, ಅಂದರೆ 339 ಗುಂಟೆ, ಮೇಲೆ ಅರ್ಧ. 40 ಗುಂಟೆಗೆ ಎಕರೆ. 8 ಎಕರೆ 19 ಗುಂಟೆ ಚಿಲ್ಲರೆ. ಆಕಾರಬಂದಿನಲ್ಲಿ 8 ಎಕರೆ 20 ಗುಂಟೆ ಇತ್ತು. ಹೊಲ ಒಂದು ತುದಿಗೆ ತುಸು ಸೊಟ್ಟ, ಅದಕ್ಕೆ ಅರ್ಧ ಗುಂಟೆ ಫರಕು. ಈ ಲೆಕ್ಕ ಕೂಡಿದಾಗ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತವಳು ಒಬ್ಬಳೇ ನಕ್ಕೆ.

ಬಳ್ಳಾರಿಯವರಿಗೆ ಬೇರೆ ಕಥೆ. ಅದು 1953ರವರೆಗೆ ಮದ್ರಾಸ್ ಕಡೆಗಿತ್ತು. ಅಲ್ಲಿ ಈಗಲೂ ಎಕರೆ, ಸೆಂಟ್ಸ್ ಎಂದೇ ಮಾತು. ನೂರು ಸೆಂಟ್ಸಿಗೆ ಎಕರೆ, ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ನಮ್ಮ ಲೆಕ್ಕವನ್ನು ಅಲ್ಲಿಗೆ, ಅಲ್ಲಿಯದನ್ನು ಇಲ್ಲಿಗೆ ಹಚ್ಚಬೇಡಿ.

ದೊಡ್ಡ ತೊಡಕು ಇನ್ನೊಂದಿತ್ತು. ಪಾಣಿಯಲ್ಲಿ ಎರಡು ಹಿಸ್ಸಾ ಇದ್ದರೂ ಟಿಪ್ಪಣಿಯಲ್ಲಿ ನಡುಗೆರೆಯೇ ಇಲ್ಲ. ಪಾಲು ಕಾಗದದಲ್ಲಿ ಆಗಿದೆ, ನೆಲದ ಮೇಲೆ ಪೋಡಿ, ಅಂದರೆ ಅಳೆದು ಬೇರೆ ಮಾಡುವ ಕೆಲಸ ಆಗಿಲ್ಲ. ಅಪ್ಪನೂ ಕಾಕಾನೂ ಬಾಯಿ ಮಾತಿನಲ್ಲಿ ಬದು ಹಾಕಿಕೊಂಡು ಉಳುತ್ತಾ ಬಂದಿದ್ದಾರೆ. ಇದು ನಮ್ಮ ಭಾಗದಲ್ಲಿ ಮನೆಮನೆ ಕಥೆ. ಗೆರೆಯೇ ಇಲ್ಲದ ಮೇಲೆ ಆರು ಅಂಕಿ ದಶಮಾಂಶ ಇಟ್ಟುಕೊಂಡು ಏನು ಮಾಡುವುದು? ಅವತ್ತು ಅವ್ವನಿಗೆ ಹೇಳಿದರೆ, "ನಿನ್ನ ಕಾಕಾನ ಕೂಡ ಕಚೇರಿ ಮೆಟ್ಟಿಲು ಹತ್ತೋದಾದ್ರ ನನಗ ಫ್ಯಾನೂ ಬ್ಯಾಡ ರೊಕ್ಕಾನೂ ಬ್ಯಾಡ" ಅಂದಳು. ಕಾಕಾನಿಗೆ ಅದನ್ನೇ ಹೇಳಿದೆ. ಅವರೇ ಮುಂದೆ ಬಂದು ಪೋಡಿ ಅರ್ಜಿಗೆ ಜೊತೆಗೆ ಸಹಿ ಹಾಕಿದರು. ಇಬ್ಬರೂ ಕೂಡಿ ಅರ್ಜಿ ಹಾಕಿದರೆ ಕೆಲಸ ಹಗುರ, ಇದನ್ನು ಮಾತ್ರ ಒತ್ತಿ ಹೇಳುತ್ತೇನೆ. ಸುತ್ತಲಿನ ಹೊಲದವರಿಗೆ ನೋಟಿಸ್ ಹೋಗುತ್ತದೆ. ಅವರು ಅಳತೆಯ ದಿನ ಬಂದು ನಿಂತು ಸಹಿ ಮಾಡಬೇಕು. ಯಾರಾದರೂ ಊರಲ್ಲಿಲ್ಲದಿದ್ದರೆ ಮೊದಲೇ ಫೋನ್ ಮಾಡಿ ಕರೆಸಿಕೊಳ್ಳಿ. ನಮ್ಮ ಉತ್ತರದ ಹೊಲದವರು ಗೋವಾಕ್ಕೆ ಕೆಲಸಕ್ಕೆ ಹೋಗಿದ್ದರು. ಅವರು ಬರುವವರೆಗೆ ಕಾದೆವು.

ಅಳತೆಗೆ ಸರ್ಕಾರಿ ಸರ್ವೆಯರ್ ಬಂದ ದಿನವೇ ಬರಲಿ ಎಂದು ಜಿಪಿಎಸ್‌ನಿಂದ ಅಳೆಯುವ ಖಾಸಗಿ ರೋವರ್ ತಂಡವನ್ನೂ ಕರೆಸಿದ್ದೆವು. ಕಂಪನಿಯ ನಂಬರನ್ನು ನೆಲದ ಮೇಲೆ ತೋರಿಸಲು ಅವರು ಬೇಕಿತ್ತು. ನಮ್ಮ ಪಾಲಿಗೆ, ಕಾಕಾನ ಪಾಲಿಗೆ ಸೇರಿ 9,000 ರೂಪಾಯಿ ಆಯಿತು. ಊಟ ನಮ್ಮದು.

ಮೊದಲ ಕೆಲಸ ಬಾಂದುಕಲ್ಲು ಹುಡುಕುವುದು. ಮೂರು ಊರ ಗಡಿ ಸೇರುವ ಕಲ್ಲು ಒಂದು ನಮ್ಮ ಹೊಲದ ಹತ್ತಿರವೇ ಇದೆ ಎಂದು ಗ್ರಾಮ ನಕ್ಷೆ ಹೇಳುತ್ತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ. ಕಾಕಾ ಜಾಲಿ ಕಂಟಿಯೊಳಗೆ ಕೊಡಲಿ ಹಿಡಿದು ನುಗ್ಗಿ, ಮಣ್ಣು ಕೆದರಿ, "ಇಲ್ಲೈತಿ ನೋಡ್ರಿ" ಎಂದು ಕೂಗಿದರು. ಮೊಣಕೈ ಉದ್ದದ ಕಗ್ಗಲ್ಲು. ಅರ್ಧ ಹೂತಿತ್ತು. ಅವರು ಸಣ್ಣವರಿದ್ದಾಗ ದನ ಕಾಯಲು ಬಂದು ಅದರ ಮೇಲೆ ಕೂರುತ್ತಿದ್ದರಂತೆ.

ರೋವರ್ ಅಂದರೆ ಉದ್ದ ಕೋಲಿನ ತುದಿಗೆ ಅಣಬೆಯಂಥ ಜಿಪಿಎಸ್. ಕಲ್ಲಿನ ಮೇಲೆ ಕೋಲು ನಿಲ್ಲಿಸಿ, ಮಟ್ಟದ ಗುಳ್ಳೆ ನಡುವೆ ಬರುವ ಹಾಗೆ ನೆಟ್ಟಗೆ ಹಿಡಿದು, ಹುಡುಗ ಕೈಯಲ್ಲಿನ ಪರದೆ ನೋಡುತ್ತಾ ನಿಂತ. ಪರದೆಯ ಮೇಲೆ ಫ್ಲೋಟ್ ಎಂದಿತ್ತು. ಅದು ಫಿಕ್ಸ್ ಎಂದು ಬದಲಾಗುವವರೆಗೆ ಬರುವ ನಂಬರು ಲೆಕ್ಕಕ್ಕಿಲ್ಲ. ಫಿಕ್ಸ್ ಆದರೆ ಎರಡು ಮೂರು ಸೆಂಟಿಮೀಟರಿನೊಳಗೆ ಸಿಗುತ್ತದೆ. ಅದಕ್ಕೆ ಮೊಬೈಲ್ ಸಿಗ್ನಲ್ ಬೇಕು, ನಮ್ಮ ಹೊಲದಲ್ಲಿ ಸಿಗ್ನಲ್ ಆಟ ಆಡುತ್ತದೆ. ಸಿಮ್ ಬದಲಿಸಿದರು. ಆಮೇಲೆ ಸಿಕ್ಕಿತು. ನೀವು ಪಕ್ಕದಲ್ಲಿ ನಿಂತು ಆ ಪರದೆ ನೋಡಿ. ಫ್ಲೋಟ್ ಇರುವಾಗಲೇ ಬಿಂದು ಒತ್ತಿ ಮುಂದೆ ಹೋಗುವವರೂ ಇರುತ್ತಾರೆ. ಬಿಸಿಲಿಗೆ ಯಾರಿಗೆ ತಾಳ್ಮೆ?

ರೋವರ್ ಹುಡುಗ ಟಿಪ್ಪಣಿಯ ಅಳತೆ ಹಾಕುವಾಗ ಸರಪಳಿಗೆ 66 ಅಡಿ ಹಿಡಿದ. ಅವನು ಕಲಿತ ಪುಸ್ತಕದ ಗಂಟರ್ ಸರಪಳಿ ಅದು. ಲ್ಯಾಪ್‌ಟಾಪಿನಲ್ಲಿ ನಮ್ಮ ಹೊಲ 34 ಎಕರೆ ಆಗಿ, ಪಕ್ಕದ ನಾಲ್ಕಾರು ಹೊಲ ನುಂಗಿ ಕೂತಿತು. ಉತ್ತರದ ಹೊಲದವರು ಬಗ್ಗಿ ನೋಡಿ ಮುಖ ಸಣ್ಣದು ಮಾಡಿಕೊಂಡರು. ಸರ್ಕಾರಿ ಸರ್ವೆಯರ್ ನಕ್ಕು, 33 ಹಾಕಪ್ಪಾ ಎಂದರು. ಹೊಲ ಹೊಲವಾಯಿತು.

ಟಿಪ್ಪಣಿ ಪ್ರಕಾರ ನಾಲ್ಕೂ ಮೂಲೆ ಕೂರಿಸಿ, ನಡುವೆ ಪಾಲಿನ ಗೆರೆ ಎಳೆದರು. ಬಾಯಿ ಮಾತಿನ ಬದು ಒಂದು ತುದಿಯಲ್ಲಿ ಗೆರೆಯ ಮೇಲೇ ಇತ್ತು. ಇನ್ನೊಂದು ತುದಿಯಲ್ಲಿ ಮೂರು ಹೆಜ್ಜೆ ನಮ್ಮ ಕಡೆಗೆ ಸರಿದಿತ್ತು. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಕಂಪನಿಯ ಈಸ್ಟಿಂಗ್, ನಾರ್ದಿಂಗ್ ಹಾಕಿ ಹುಡುಗ ನಡೆಯುತ್ತಾ ಹೋದ, ನಾವೆಲ್ಲ ಅವನ ಹಿಂದೆ. ಅವನು ನಿಂತ ಕಡೆ ಸುಣ್ಣ ಹಾಕಿದರು. ಕಾಕಾನ ಪಾಲು. ಗೆರೆಯಿಂದ 11 ಮೀಟರ್ ಒಳಗೆ.

ಬೇಜಾರಾಯಿತು ಅಂತ ಬರೆದರೆ ಸುಳ್ಳಲ್ಲ. ಅವ್ವ ಮಾತ್ರ ಕಾಕಾನಿಗೆ ಮೊದಲು ಬುತ್ತಿ ಬಿಚ್ಚಿ ಕೊಟ್ಟಳು. ಊಟ ಮಾಡುತ್ತಾ ಕಾಕಾನೇ ಒಂದು ಮಾತು ತೆಗೆದರು. ಫ್ಯಾನು ನನ್ನ ಕಡೆ ನಿಂತರೂ ಅದರ ರೆಕ್ಕೆ ನಿಮ್ಮ ಹೊಲದ ಮೇಲೆ ತಿರುಗುತ್ತದಲ್ಲ, ಗಾಡಿ ಬರುವ ದಾರಿಯೂ ನಿಮ್ಮ ಹೊಲದಲ್ಲೇ ಆಗಬೇಕಲ್ಲ ಎಂದು. 11 ಮೀಟರಿನ ಲೆಕ್ಕ ಕೈಯಲ್ಲಿದ್ದದ್ದರಿಂದ ಕಂಪನಿಯವರು ಇಲ್ಲ ಎನ್ನಲಾಗಲಿಲ್ಲ. ದಾರಿಗೆ ಬೇರೆ, ರೆಕ್ಕೆ ಹಾಯುವುದಕ್ಕೆ ಬೇರೆ ಎಂದು ಅವ್ವನ ಹೆಸರಿಗೂ ಕರಾರು ಆಯಿತು. ಕಾಕಾನ ಬಾಡಿಗೆಯಷ್ಟಿಲ್ಲ, ಆದರೆ ಇದೆ.

ಕರಾರಿನ ಷೆಡ್ಯೂಲನ್ನು ನಾವು ಪೂರ್ತಿ ಬದಲಿಸಿ ಬರೆಸಿದೆವು. ನಿಮಗೆ ಬೇಕಾದರೆ ಹೀಗೆ ಕೇಳಿ: ಮೊದಲು ಗ್ರಾಮ, ಸರ್ವೆ ನಂಬರು, ಹಿಸ್ಸಾ, ಚೆಕ್ಕುಬಂದಿ (ನಾಲ್ಕೂ ದಿಕ್ಕಿಗೆ ಏನಿದೆ ಎನ್ನುವುದು). ಆಮೇಲೆ ಪ್ರತಿ ಬಿಂದುವಿಗೂ ಈಸ್ಟಿಂಗ್, ನಾರ್ದಿಂಗ್, ಜೊತೆಗೆ ಡಬ್ಲ್ಯುಜಿಎಸ್ 84, ಯುಟಿಎಂ 43 ಉತ್ತರ ಎಂದು ಅಕ್ಷರದಲ್ಲಿ. ಅದೇ ಬಿಂದುವಿಗೆ ಆರು ಅಂಕಿ ದಶಮಾಂಶದಲ್ಲಿ ಅಕ್ಷಾಂಶ, ರೇಖಾಂಶ, ಯಾವುದು ಯಾವುದು ಎಂದು ಹೆಸರು ಹಾಕಿ. ಹತ್ತಿರದ ಬಾಂದುಕಲ್ಲಿನಿಂದ ಎಷ್ಟು ಮೀಟರ್, ಯಾವ ದಿಕ್ಕು. ಕೊನೆಗೆ, ನಂಬರಿಗೂ ಸರ್ವೆ ಇಲಾಖೆಯ ನಕ್ಷೆಗೂ ಫರಕು ಬಂದರೆ ಇಲಾಖೆಯ ನಕ್ಷೆಯೇ ನಡೆಯುತ್ತದೆ ಎಂದು ಒಂದು ಸಾಲು. ಈ ಕೊನೆಯ ಸಾಲಿಗೆ ಕಂಪನಿಯವರು ಸ್ವಲ್ಪ ಎಳೆದಾಡಿದರು. ನಾವು ಬಿಡಲಿಲ್ಲ.

ಪೋಡಿ ಆದ ನಕ್ಷೆ ಬಂದಿದೆ. ಪಾಣಿಯಲ್ಲಿ ಹೊಸ ಹಿಸ್ಸಾ ನಂಬರು ಏರುವುದು ಬಾಕಿ. ಉತ್ತರದ ಹೊಲದವರು ತಮ್ಮದನ್ನೂ ಅಳೆಸುತ್ತೇವೆ ಎಂದು ರೋವರ್ ಹುಡುಗನ ನಂಬರು ಇಸಿದುಕೊಂಡು ಹೋಗಿದ್ದಾರೆ. 33 ಅಡಿ ಎಂದು ಮೊದಲೇ ಹೇಳಿ ಕರೆಸಿ ಅಂದೆ.